ಒಟ್ಲು ತುಂಬಿದೆ, ನಾಟಿ ಎಂದು?

ಮದ್ದೂರಿನಿಂದ ಮಳವಳ್ಳಿ ಕಡೆಯ ಬಸ್ಸು ಹತ್ತಿದರೆ, ಪಟ್ಟಣ ದಾಟುತ್ತಿದ್ದಂತೆಯೇ ಎರಡೂ ಬದಿಗೆ ಕಬ್ಬು, ಭತ್ತ, ಹಿಪ್ಪುನೇರಳೆಯ ಹಸಿರು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಸೀಮೆ ಇದು. ದಾರಿಯಲ್ಲಿ ಸಿಗುವ ಭಾರತೀನಗರವನ್ನು ಹಳಬರು ಇಂದಿಗೂ ಕೆ.ಎಂ. ದೊಡ್ಡಿ ಎಂದೇ ಕರೆಯುತ್ತಾರೆ. ಅಲ್ಲಿನ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲವಾದರೆ ರಸ್ತೆಯ ತುಂಬ ಕಬ್ಬಿನ ಗಾಡಿಗಳ ಸಾಲು, ಗಾಳಿಯಲ್ಲಿ ಸಿಹಿ ಘಾಟು. ಅಲ್ಲಿಂದ ಹತ್ತಿರದಲ್ಲೇ ಇದೆ ಹೋಬಳಿ ಕೇಂದ್ರವಾದ ಚಿಕ್ಕರಸಿನಕೆರೆ. ಜನರ ಬಾಯಲ್ಲಿ 'ಸಿ.ಎ. ಕೆರೆ'.

ಊರಿಗೆ ಹೆಸರು ತಂದಿರುವುದು ಕಾಲಭೈರವೇಶ್ವರ ದೇವಾಲಯ ಮತ್ತು ಅಲ್ಲಿನ ಬಸವಪ್ಪ. ಮನೆಯ ಕಷ್ಟ, ಮಕ್ಕಳ ಮದುವೆ, ಅಣ್ಣತಮ್ಮಂದಿರ ಜಗಳ ಎಲ್ಲವನ್ನೂ ಜನ ಬಸವಪ್ಪನ ಮುಂದೆ ಹೇಳಿಕೊಳ್ಳುತ್ತಾರೆ. ಚುನಾವಣೆ ಬಂದಾಗ ಅಭ್ಯರ್ಥಿಗಳೂ ಬಂದು ಕೈಮುಗಿಯುತ್ತಾರೆ. ಹಾಗೆ ಕೈಮುಗಿದು ವಿಧಾನಸೌಧಕ್ಕೋ ದೆಹಲಿಗೋ ಹೋದವರಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದ್ದೀರಾ? ವಿಜ್ಞಾನದ ಮೇಷ್ಟರಿಗೆ ಎಲ್ಲವನ್ನೂ ಎಣಿಸುವ ಚಟ. ಈ ಸೀಮೆಯಲ್ಲಿ ಸುತ್ತಾಡಿದಾಗ ನಾನು ಮಾಡಿದ್ದೂ ಆ ಎಣಿಕೆಯನ್ನೇ.

ಇನ್ನೊಂದು ಅರಸಿನಕೆರೆ

ಚಿಕ್ಕರಸಿನಕೆರೆ ಇದ್ದ ಮೇಲೆ ದೊಡ್ಡರಸಿನಕೆರೆಯೂ ಇರಬೇಕಲ್ಲ! ಅದೂ ಇದೇ ಮದ್ದೂರು ತಾಲ್ಲೂಕಿನಲ್ಲಿದೆ. ನಟ ಅಂಬರೀಶ್ ಅವರ ಊರು. ಮಂಡ್ಯದಿಂದ ಮೂರು ಬಾರಿ ಲೋಕಸಭೆಗೆ ಆರಿಸಿಹೋಗಿದ್ದ ಅಂಬರೀಶ್ 2018ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಪತ್ನಿ ಸುಮಲತಾ ಕಾಂಗ್ರೆಸ್ ಟಿಕೆಟ್ ಬಯಸಿದರು. ಮೈತ್ರಿಯ ಹಂಚಿಕೆಯಲ್ಲಿ ಕ್ಷೇತ್ರ ಜಾತ್ಯತೀತ ಜನತಾದಳದ ಪಾಲಾಯಿತು. ಅವರು ಪಕ್ಷೇತರರಾಗಿ ನಿಂತರು; ಗುರುತು, ಕಹಳೆ ಊದುವ ರೈತ. ಎದುರಾಳಿ ಅಂದಿನ ಮುಖ್ಯಮಂತ್ರಿಯ ಮಗ. 2018ರಲ್ಲಿ ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳನ್ನು ಗೆದ್ದಿದ್ದುದು ಎದುರಾಳಿಯ ಪಕ್ಷವೇ. ಸಾಲದ್ದಕ್ಕೆ ಮತಪಟ್ಟಿಯಲ್ಲಿ ಸುಮಲತಾ ಎಂಬ ಹೆಸರಿನ ಬೇರೆ ಮೂವರು! ಭಾರತೀಯ ಜನತಾ ಪಕ್ಷ ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲಿಸಿತ್ತು ಎಂಬುದನ್ನೂ ಮರೆಯಬಾರದು. ಫಲಿತಾಂಶ ಬಂದಾಗ ಸುಮಲತಾ ಗೆಲುವಿನ ಅಂತರ 1,25,876 ಮತ. ಅಂದು ಕ್ಷೇತ್ರದಲ್ಲಿ ನೂರಕ್ಕೆ ಸುಮಾರು 80 ಮಂದಿ ಮತ ಹಾಕಿದ್ದರು.

ಅದಕ್ಕೂ ಮೊದಲು, 2013ರ ಆಗಸ್ಟಿನ ಉಪಚುನಾವಣೆಯಲ್ಲಿ ನಟಿ ರಮ್ಯಾ ಮಂಡ್ಯದಿಂದ ಗೆದ್ದು ಈ ಕ್ಷೇತ್ರದ ಮೊದಲ ಮಹಿಳಾ ಸಂಸದೆಯಾದರು. ಮರುವರ್ಷ ಅವರು ಸೋತದ್ದು ಸುಮಾರು 5,500 ಮತಗಳಿಂದ ಮಾತ್ರ. 'ಹಳ್ಳಿಯ ಜನ ಹೆಂಗಸಿಗೆ ಓಟು ಹಾಕುವುದಿಲ್ಲ' ಎಂಬ ಮಾತು ಮಂಡ್ಯದ ಮಟ್ಟಿಗಂತೂ ನಿಲ್ಲುವುದಿಲ್ಲ.

ಬಾಗಿಲು ಎಷ್ಟು ಅಗಲ?

ವಿಧಾನಸಭೆಯ ಕಡೆ ತಿರುಗೋಣ. 2008ರ ಮೇ ತಿಂಗಳಲ್ಲಿ ಮದ್ದೂರಿನಿಂದ ಗೆದ್ದ ಎಂ.ಎಸ್. ಸಿದ್ದರಾಜು ಕೆಲವೇ ತಿಂಗಳಲ್ಲಿ ನಿಧನರಾದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರ ಪತ್ನಿ ಕಲ್ಪನಾ ಸಿದ್ದರಾಜು ಆರಿಸಿಬಂದರು. ಆನಂತರ 2013, 2018, 2023ರ ಮೂರು ಚುನಾವಣೆಗಳಲ್ಲೂ ಮದ್ದೂರಿನಿಂದ ಮಹಿಳೆ ಗೆದ್ದಿಲ್ಲ. ಪಕ್ಕದ ಶ್ರೀರಂಗಪಟ್ಟಣದ ದಾಖಲೆ ಇನ್ನಷ್ಟು ಚೆನ್ನಾಗಿದೆ: ದಮಯಂತಿ ಬೋರೇಗೌಡ, ವಿಜಯಲಕ್ಷ್ಮಮ್ಮ ಬಂಡಿಸಿದ್ದೇಗೌಡ, ಪಾರ್ವತಮ್ಮ ಶ್ರೀಕಂಠಯ್ಯ ಬೇರೆ ಬೇರೆ ಕಾಲದಲ್ಲಿ ಅಲ್ಲಿನ ಶಾಸಕಿಯರಾಗಿದ್ದರು.

ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಪ್ರತಿಯೊಂದರ ಪಕ್ಕದಲ್ಲೂ ಇನ್ನೊಂದು ಹೆಸರಿದೆ. ಲೋಕಸಭೆಗೆ ಹೋದ ಇಬ್ಬರ ಬೆನ್ನಿಗೆ ಬೆಳ್ಳಿತೆರೆಯ ಖ್ಯಾತಿಯಿತ್ತು. ಇದರಲ್ಲಿ ಅವರ ದೋಷವೇನೂ ಇಲ್ಲ. ಬಾಗಿಲು ತೆರೆದದ್ದೇ ಅಷ್ಟು. ನನ್ನ ಚಿಂತೆ ಬೇರೆ. ಮನೆತನದ ಹೆಸರೂ ಸಿನಿಮಾದ ಹೆಸರೂ ಇಲ್ಲದ, ಊರಿನ ಕೆಲಸ ಬಲ್ಲ ಹೆಣ್ಣುಮಗಳಿಗೆ ದಾರಿ ಯಾವುದು? ಇದೇ ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದರು. ಇದೇ ಜಿಲ್ಲೆಯ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳೂ ಮುಖ್ಯಮಂತ್ರಿಯಾದಳು, ಆದರೆ ತಮಿಳುನಾಡಿಗೆ! ಜಯಲಲಿತಾ ಅವರನ್ನು ಮಂಡ್ಯದ ರೈತ ನೆನೆಯುವುದು ಕಾವೇರಿ ವ್ಯಾಜ್ಯದ ಜೊತೆಗೆ. ಕರ್ನಾಟಕಕ್ಕೆ ಇದುವರೆಗೆ ಮಹಿಳಾ ಮುಖ್ಯಮಂತ್ರಿ ಸಿಕ್ಕಿಲ್ಲ.

ಗದ್ದೆಯ ಬದುವಿನ ಮೇಲೆ

ನಾಲೆಗೆ ನೀರು ಬಿಟ್ಟ ಕಾಲ. ಚಿಕ್ಕರಸಿನಕೆರೆ ಹೋಬಳಿಯ ಒಂದು ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಬಗ್ಗಿ ನಾಟಿ ಹಾಕುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬದುವಿನ ಮೇಲೆ ಕೂತಾಗ ಮಾತಿಗೆ ಸಿಕ್ಕರು. ಅವರಲ್ಲೊಬ್ಬಾಕೆ ಹಿಂದೊಮ್ಮೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವರು.

"ಮೊದಮೊದ್ಲು ಎಲ್ಲಿ ಸೈನ್ ಹಾಕು ಅಂದ್ರೋ ಅಲ್ಲಿ ಹಾಕ್ತಿದ್ದೆ ಮೇಷ್ಟ್ರೇ. ಆಮೇಲಾಮೇಲೆ ಬಿಲ್ಲು ಓದಾದು ಕಲ್ತೆ. ಅರ್ಧ ಚರಂಡಿ ಮಾಡಿ ಪೂರ್ತಿ ಬಿಲ್ಲು ತಂದಿದ್ರು. ನಾನು ಒಪ್ನಿಲ್ಲ. ಪೂರ್ತಿ ಮಾಡುಸ್ದೆ" ಎಂದರು.

ಮುಂದೆ ಏಕೆ ನಿಲ್ಲಲಿಲ್ಲ ಎಂದು ಕೇಳಿದೆ. "ನಂದು ಲೇಡೀಸ್ ಸೀಟು. ಮುಂದಿನ ಸಲ ಜನರಲ್ ಆಯ್ತು. ನಮ್ಮನೆಯವ್ರು ಸಾಕು ಬುಡು ಅಂದ್ರು."

"ತಾಲ್ಲೂಕು ಪಂಚಾಯಿತಿಗೆ ನಿಲ್ಲಬಹುದಿತ್ತಲ್ಲಮ್ಮ?"

"ಟಿಕೆಟ್ ಕೇಳಕ್ಕೆ ಯಾರ ಮನೆ ಬಾಗ್ಲಿಗೆ ಹೋಗನೆ? ಮೀಟಿಂಗ್ ಸೇರಾದೇ ರಾತ್ರಿ ಹತ್ತು ಗಂಟೆ ಮೇಲೆ. ಕಾರು ಬೇಕು, ದುಡ್ಡು ಬೇಕು."

ಪಕ್ಕದಲ್ಲಿದ್ದ ಹಿರಿಯಾಕೆ ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದ ಮಾತು ನನ್ನ ಯಾವ ಪಾಠಕ್ಕೂ ಕಡಿಮೆಯದಲ್ಲ: "ಪೈರ ಒಟ್ಲಲ್ಲೇ ಬುಟ್ರೆ ತೆನೆ ಕಟ್ಟದಾ ಮೇಷ್ಟ್ರೇ? ಕಿತ್ತು ನಾಟಿ ಹಾಕ್ಬೇಕು."

ಮಂಡ್ಯದ ಮಕ್ಕಳಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಭತ್ತವನ್ನು ಮೊದಲು ಚಿಕ್ಕ ಮಡಿಯಲ್ಲಿ ಒತ್ತಾಗಿ ಬಿತ್ತುತ್ತಾರೆ, ಅದೇ ಒಟ್ಲು. ಮೂರು ನಾಲ್ಕು ವಾರದಲ್ಲಿ ಪೈರನ್ನು ಕಿತ್ತು ಗದ್ದೆಯಲ್ಲಿ ಅಂತರ ಬಿಟ್ಟು ನೆಡಬೇಕು. ಬೆಳಕು, ಗಾಳಿ, ಗೊಬ್ಬರ ಸಿಕ್ಕರೆ ಒಂದೊಂದು ಪೈರೂ ಹಲವು ತೆಂಡೆ ಒಡೆಯುತ್ತದೆ. ಒಟ್ಲಿನಲ್ಲೇ ಬಲಿತರೆ ತೆಂಡೆ ಕಡಿಮೆ, ಇಳುವರಿಯೂ ಕಡಿಮೆ.

ಕರ್ನಾಟಕದ ಒಟ್ಲು ದೇಶಕ್ಕೇ ಮಾದರಿಯಾಗಿತ್ತು. 1983ರ ಕಾಯ್ದೆ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ, 1987ರಲ್ಲಿ, ಅದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶಕ್ಕೆಲ್ಲ ಮೂರನೇ ಒಂದು ಪಾಲು ಸಿಕ್ಕಿದ್ದು 1993ರಲ್ಲಿ. 2010ರ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಅಂದರೆ ಚರಂಡಿಯ ಬಿಲ್ಲನ್ನು ಓದಬಲ್ಲ ಸಾವಿರಾರು ಹೆಣ್ಣುಮಕ್ಕಳು ಹಳ್ಳಿಗಳಲ್ಲಿ ತಯಾರಾಗಿದ್ದಾರೆ.

ನಾಟಿಯ ಲೆಕ್ಕ

ಇನ್ನು ಗದ್ದೆ ನೋಡಿ. 1962ರ ಚುನಾವಣೆಯಲ್ಲಿ ಅಂದಿನ ಮೈಸೂರು ವಿಧಾನಸಭೆಗೆ 18 ಮಹಿಳೆಯರು ಆರಿಸಿಬಂದಿದ್ದರು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ಸಭಾಧ್ಯಕ್ಷರಾಗಿ ಗಂಡಸರೇ ತುಂಬಿದ ಸದನವನ್ನು ನಡೆಸಿದರು. ಆದರೆ 2008ರಲ್ಲಿ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದ ಮಹಿಳೆಯರು 3, 2013ರಲ್ಲಿ 6, 2018ರಲ್ಲಿ 7, 2023ರಲ್ಲಿ 224ಕ್ಕೆ 10. ಅಂದರೆ ಶೇಕಡ 4.5. ಆ ವರ್ಷ ಕಣದಲ್ಲಿದ್ದ ಸುಮಾರು 2,600 ಅಭ್ಯರ್ಥಿಗಳಲ್ಲಿ ಮಹಿಳೆಯರು 200ಕ್ಕೂ ಕಡಿಮೆ. 2024ರಲ್ಲಿ ಲೋಕಸಭೆಗೆ ಕರ್ನಾಟಕದಿಂದ ಹೋದವರು 28ರಲ್ಲಿ ಮೂವರು. ಇಡೀ ದೇಶದಿಂದ 543ಕ್ಕೆ 74. ಆಫ್ರಿಕದ ಪುಟ್ಟ ದೇಶ ರುವಾಂಡದ ಕೆಳಮನೆಯಲ್ಲಿ ಹೆಂಗಸರು ಶೇಕಡ 60ಕ್ಕಿಂತ ಹೆಚ್ಚು.

ಗಮನಿಸಿ: ಮತಪೆಟ್ಟಿಗೆಗೆ ಬರುವ ಮೊದಲೇ ಸೋಸಿ ಮುಗಿದಿರುತ್ತದೆ. ಸೋಸುವ ಜಾಗ ಟಿಕೆಟ್ ಹಂಚುವ ಕೋಣೆ.

ಆ ಕೋಣೆಗೆ ಕಾನೂನಿನ ಬೆಳಕು ತರಲು ಹೊರಟ ಮೊದಲ ಮಸೂದೆ ನಮ್ಮವರೇ ಆದ ಎಚ್.ಡಿ. ದೇವೇಗೌಡರ ಸರ್ಕಾರದ್ದು, 1996ರ ಸೆಪ್ಟೆಂಬರಿನಲ್ಲಿ. ಮಸೂದೆ ಹಲವು ಬಾರಿ ಬಿದ್ದು ಎದ್ದು, 27 ವರ್ಷಗಳ ಬಳಿಕ 2023ರ ಸೆಪ್ಟೆಂಬರಿನಲ್ಲಿ ಸಂವಿಧಾನದ 106ನೇ ತಿದ್ದುಪಡಿಯಾಗಿ ಅಂಗೀಕಾರವಾಯಿತು. ಲೋಕಸಭೆಯಲ್ಲಿ ಪರವಾಗಿ 454 ಮತ, ವಿರುದ್ಧ 2. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಮಹಿಳೆಯರಿಗೆ. 224ರ ಲೆಕ್ಕದಲ್ಲಿ ಸುಮಾರು 75 ಸ್ಥಾನ. ಆದರೆ ಮುಂದಿನ ಜನಗಣತಿ, ಆಮೇಲೆ ಕ್ಷೇತ್ರ ಪುನರ್ವಿಂಗಡಣೆ, ಅನಂತರ ಜಾರಿ ಎಂಬ ಷರತ್ತನ್ನೂ ಅದರಲ್ಲೇ ಬರೆಯಲಾಯಿತು. ಪೈರು ಬಲಿಯುತ್ತಿದೆ, ನಾಟಿಯ ದಿನ ಮುಂದಕ್ಕೆ ಹೋಗುತ್ತಿದೆ.

ತಂದೆತಾಯಿಗಳಿಗೆ ಒಂದು ಮಾತು

ಬದುವಿನ ಮೇಲೆ ಕೂತಿದ್ದ ಆ ಮಾಜಿ ಸದಸ್ಯೆಗೆ ಪಿಯುಸಿ ಓದುವ ಮಗಳಿದ್ದಾಳೆ. "ಅವ್ಳು ಟೀಚರೋ ನರ್ಸೋ ಆಗ್ಲಿ, ಎಲೆಕ್ಷನ್ ಸಾವಾಸ ಬ್ಯಾಡ" ಎಂದರು. ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಆದರೆ ಬಿಲ್ಲು ಓದಲು ಕಲಿತ ತಾಯಿಯೇ ಹೀಗೆಂದರೆ ಕಾನೂನು ಬಂದ ದಿನ ಆ ಸ್ಥಾನಗಳಲ್ಲಿ ಕೂರುವವರು ಯಾರು? ಮತ್ತೆ ಯಾರದೋ ಪತ್ನಿ, ಯಾರದೋ ಸೊಸೆ.

ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆಗೂ ಲೋಕಸಭೆಗೂ 25 ವರ್ಷ ತುಂಬಿರಬೇಕು. ಇಂದು ಹತ್ತನೇ ತರಗತಿಯಲ್ಲಿರುವ ಹುಡುಗಿಗೆ ಅದು ಹತ್ತೇ ವರ್ಷದ ದೂರ. ಶಾಲಾ ಸಂಸತ್ತಿನಲ್ಲಿ ಅವಳು ನಿಲ್ಲಲಿ. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಕುಡಿಯುವ ನೀರಿನ ಬಗ್ಗೆ ಕೇಳಲಿ. ಮನೆಯಲ್ಲಿ ರಾಜಕೀಯದ ಮಾತು ಬಂದಾಗ 'ನೀನು ಒಳಗೆ ಹೋಗಮ್ಮ' ಎನ್ನಬೇಡಿ. ಕೂರಲು ಜಾಗ ಕೊಡಿ.

ವಿದ್ಯಾರ್ಥಿಗಳಿಗೆ ಒಂದು ಮನೆಕೆಲಸ. ನಿಮ್ಮ ವಿಧಾನಸಭಾ ಕ್ಷೇತ್ರದಿಂದ 1952ರಿಂದ ಇಂದಿನವರೆಗೆ ಗೆದ್ದವರ ಹೆಸರು, ವರ್ಷ, ಪಕ್ಷ ಸೇರಿಸಿ ಒಂದು ಕೋಷ್ಟಕ ಬರೆಯಿರಿ. ಮಹಿಳೆಯರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಪ್ರತಿ ಚುನಾವಣೆಯಲ್ಲೂ ದೊಡ್ಡ ಪಕ್ಷಗಳು ಎಷ್ಟು ಮಹಿಳೆಯರಿಗೆ ಟಿಕೆಟ್ ಕೊಟ್ಟಿದ್ದವು ಎಂದು ಇನ್ನೊಂದು ಕಾಲಂ ಸೇರಿಸಿ. ಎರಡು ಕಾಲಂಗಳನ್ನೂ ರಾತ್ರಿ ಊಟದ ಹೊತ್ತಿಗೆ ಅಪ್ಪ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ.