ನರಸೀಪುರ ನಾಲ್ಕು, ಎರಡು ಫ್ರೀ

ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ 'ಈಗ' ಅಂದರೆ ಎಷ್ಟು ನಿಮಿಷ ಅನ್ನೋದಕ್ಕೆ ನಮ್ಮ ನಾಲ್ಕು ಸೆಮಿಸ್ಟರಿನ ಗಣಿತದಲ್ಲಿ ಉತ್ತರ ಇಲ್ಲ. ನರಸೀಪುರದ ಬಸ್ಸು ಯಾವಾಗ ಅಂತ ಮೂರು ಜನರನ್ನ ಕೇಳಿದ್ವಿ. ಮೂವರೂ "ಈಗ ಬತ್ತದೆ" ಅಂದ್ರು. ಅದು ಮುಕ್ಕಾಲು ಗಂಟೆಯ ಈಗ. ಬಂದ ಬಸ್ಸುಗಳ ಬೋರ್ಡನ್ನ ನಾವು ಇಂಗ್ಲಿಷ್ ಮೀಡಿಯಂ ಮಕ್ಕಳು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸೋ ಹೊತ್ತಿಗೆ ಅರ್ಧ ಬಸ್ಸು ತುಂಬಿರ್ತಿತ್ತು.

ಅಷ್ಟರಲ್ಲಿ ನಂಜುಂಡೇಶ್ವರನ ದರ್ಶನ ಆಗಿತ್ತು. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿದ್ದಕ್ಕೆ 'ಹಕೀಮ್ ನಂಜುಂಡ' ಅಂತ ಹೆಸರು ಬಂತು ಅಂತ ಹೇಳ್ತಾರಲ್ಲ, ಆ ದೇವರ ಮುಂದೆ ನಾವು ಬ್ಯಾಕ್‌ಲಾಗ್ ವಿಷಯ ಇಟ್ಟು ಬಂದಿದ್ವಿ. ನಮ್ಮಲ್ಲಿ ಸಿವಿಲ್ ಓದೋನು ಮಾತ್ರ ಕಪಿಲೆಯ ಹಳೇ ಸೇತುವೆಗೆ ಕೈ ಮುಗಿದ. 1735ರ ಕಲ್ಲಿನ ಸೇತುವೆ, ಒಂದು ಕಾಲದಲ್ಲಿ ರೈಲು, ರಸ್ತೆ ಎರಡನ್ನೂ ಹೊತ್ತಿದ್ದು. ನಮ್ಮ ಹಾಸ್ಟೆಲ್ ಕಟ್ಟಡಕ್ಕೆ ಇನ್ನೂ ಹತ್ತು ವರ್ಷ ಆಗಿಲ್ಲ, ಮಳೆ ಬಂದ್ರೆ ಬಕೆಟ್ ಇಡಬೇಕು. ರಸಬಾಳೆ ಬಗ್ಗೆ ಕೇಳಲೇಬೇಡಿ. ಸೊರಗು ರೋಗಕ್ಕೆ ಸಿಕ್ಕಿ ತೋಟಗಳೇ ಕಮ್ಮಿಯಾದ ಹಣ್ಣು ಪ್ರತಿ ಗಾಡಿಯಲ್ಲೂ 'ಒರಿಜಿನಲ್' ಆಗಿ ಸಿಗುತ್ತೆ.

ಬಸ್ಸು ಬಂತು. ನಾವು ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. "ನರಸೀಪುರ ನಾಲ್ಕು" ಅಂದ ತಕ್ಷಣ ಕಂಡಕ್ಟರ್ "ಎರಡು ಫ್ರೀ" ಅಂತ ತಾವೇ ಸೇರಿಸಿದ್ರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಗುಂಪಿನಲ್ಲಿ ಖರ್ಚು ಹಂಚಿಕೊಳ್ಳೋ ಲೆಕ್ಕ ಯಾವತ್ತೂ ಜಗಳದಲ್ಲೇ ಮುಗಿಯೋದು. (ಉಳಿದ ದುಡ್ಡಲ್ಲಿ ಟೀ ಕೊಡಿಸಬೇಕು ಅನ್ನೋದು ಹುಡುಗರ ವಾದ. ಇನ್ನೂ ಪಾಸಾಗಿಲ್ಲ.)

ಮುಂದಿನ ಸೀಟಲ್ಲಿ ಒಬ್ಬರು ತಾತ, ಪಕ್ಕದಲ್ಲಿ ಬಟ್ಟೆಯ ಚೀಲ. ಜನ ನಿಂತಿದ್ರು.

"ಯಜಮಾನ್ರೇ, ಆ ಲಗೇಜ್ ಮೇಲಕ್ಕೆ ಹಾಕಿ, ಯಾರಾದ್ರೂ ಕೂತ್ಕೋತಾರೆ."

"ಲಗೇಜಲ್ಲ ಕಣಪ್ಪ. ನಮ್ಮನೆಯೋಳು. ಸಂಗಮಕ್ಕೆ ಬುಡಕ್ಕೆ ಓಯ್ತಾ ಇವ್ನಿ."

ಕಂಡಕ್ಟರ್ ಟಿಕೆಟ್ ಮೆಷಿನ್ ಹಿಡಿದು ಹಾಗೇ ನಿಂತ್ರು. ಆಮೇಲೆ ಒಂದು ಟಿಕೆಟ್ ಹರಿದುಕೊಟ್ರು. ತಾತನೇ ನಕ್ಕು, "ಅವ್ಳಿಗೆ ಹೆಂಗೂ ಫ್ರೀನೇ ಅಲ್ವಾ" ಅಂದ್ರು. ನಗಬೇಕೋ ಬೇಡವೋ ಗೊತ್ತಾಗದೆ ನಾವು ನಾಲ್ವರೂ ಕಿಟಕಿ ಕಡೆ ತಿರುಗಿದ್ವಿ.

ಚೀಲ ತಾತನ ತೊಡೆ ಮೇಲೆ ಬಂತು. ಪಕ್ಕದಲ್ಲಿ ಕೂತ ಅಜ್ಜಿ ವಿಚಾರಿಸ್ತಾ ಇದ್ರು, ನಾವು ಕೇಳಿಸ್ಕೋತಾ ಇದ್ವಿ. ಟಿಕೆಟ್ ಫ್ರೀ ಆದ್ಮೇಲೆ ಆಕೆ ಪ್ರತಿ ಸೋಮವಾರ ನಂಜನಗೂಡಿಗೆ ಬರೋರಂತೆ. ಅದಕ್ಕೂ ಮುಂಚೆ ವರ್ಷಕ್ಕೊಂದು ಸಲ, ದೊಡ್ಡ ಜಾತ್ರೆಗೆ. "ಮಗ ಬೈಕಲ್ಲಿ ಮುಂದ್ಗಡೆ ಹೋದ. ಅದ್ರಲ್ಲೇ ಬಾ ಅಂದ. ಅವ್ಳು ಬೈಕ್ ಹತ್ತೋಳಲ್ಲ, ಹೆದ್ರಿಕೆ. ಅದ್ಕೇ ಬಸ್ಸು."

ನಮಗೆ ಬಹಳ ದಿನ 'ಟಿ. ನರಸೀಪುರ'ದ ಟಿ ಅಂದ್ರೆ ಇನಿಷಿಯಲ್ ಇದ್ದ ಹಾಗೆ. ಅದು ತಿರುಮಕೂಡಲು. ಕಾವೇರಿ, ಕಪಿಲೆ, ಜೊತೆಗೆ ಸ್ಫಟಿಕ ಸರೋವರ. ಮೂರನೆಯದು ಕಣ್ಣಿಗೆ ಕಾಣಲ್ಲ, ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ಥರ. ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯೋ ಜಾಗ. ಪಕ್ಕದ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ ಇದೆ: ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚಂತೆ. ಅಳತೆಯ ಇಷ್ಟು ಸೂಕ್ಷ್ಮ ನಮ್ಮ ಲ್ಯಾಬಲ್ಲೂ ಇಲ್ಲ.

ಫೋಟೋ ತೆಗೆಯೋಕೆ ಅಂತಲೇ ನಾವು ಬಂದಿದ್ದು. ನೀರಿನ ಹತ್ತಿರ ತಾತ, ಮಗ, ಪುರೋಹಿತರು ಇದ್ರು. ನಾವು ದೂರದ ಮೆಟ್ಟಿಲ ಮೇಲೆ ಕಡಲೆಕಾಯಿ ಬಿಡಿಸ್ತಾ ಕೂತ್ವಿ. ಕೆಲಸ ಬೇಗನೇ ಮುಗೀತು. ತಾತ ಚೀಲವನ್ನ ಹಿಂಡಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಕೊಂಡ್ರು. ವಾಪಸ್ ಮಗನ ಬೈಕ್ ಹಿಂದೆ ಕೂತು ಹೋದ್ರು.