ಮಡ್ಡಿಯ ಗುಟ್ಟು

ನನಗೆ ಒಂದು ಹುಚ್ಚುಂಟು. ನಸುಕಿನಲ್ಲೆದ್ದು, ಬಗಲಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಕಾಲು ಒಯ್ದ ಕಡೆಗೆ ನಡೆಯುವುದು. ದಾರಿಯಲ್ಲಿ ಕಂಡ ಹಕ್ಕಿ-ಪ್ರಾಣಿಗಳ ಲೆಕ್ಕವನ್ನು ಮನೆಗೆ ಬಂದು ವಹಿಯಲ್ಲಿ ಬರೆದಿಡುವುದು. ದಾಂಡೇಲಿಯಲ್ಲಿದ್ದವನು ಹೀಗೆ ಮಾಡಿದರೆ ಜನ ಅದನ್ನು ಹವ್ಯಾಸವೆನ್ನುತ್ತಾರೆ. ಅಥಣಿಯಲ್ಲಿದ್ದವನು ಮಾಡಿದರೆ ಹುಚ್ಚೆಂದೇ ಅನ್ನುತ್ತಾರೆ. “ಇಲ್ಲೇನ್ ಐತ್ರೀ ಮಾಸ್ತರ? ಕಬ್ಬು, ಕಬ್ಬು, ಮತ್ತ ಕಬ್ಬು!” ಎಂದು ಚಹಾದ ಅಂಗಡಿಯಲ್ಲಿ ನಗುತ್ತಾರೆ.

ಅವರ ಮಾತೂ ಸುಳ್ಳಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ನಮ್ಮ ಸೀಮೆಯಲ್ಲಿ ಹೇಳಿಕೊಳ್ಳುವಂಥ ಅಭಯಾರಣ್ಯವಿಲ್ಲ. ಪಕ್ಷಿಧಾಮ ಬೇಕೆಂದರೆ ಗೋಕಾಕದ ಕಡೆಗೆ, ಧೂಪದಾಳಕ್ಕೆ ಹೋಗಬೇಕು. 1974ರಲ್ಲಿ ಘೋಷಿತವಾದ ಘಟಪ್ರಭಾ ಪಕ್ಷಿಧಾಮ ಅಲ್ಲಿದೆ. ಚಿಂಕಾರ ನೋಡಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಗೆ ಹೋಗಬೇಕು; 2016ರಲ್ಲಿ ಅದಕ್ಕೂ ವನ್ಯಧಾಮದ ಪಟ್ಟ ಸಿಕ್ಕಿತು. ನಮ್ಮಲ್ಲಿ ಫಲಕವಿಲ್ಲ, ಕಾವಲುಗಾರನಿಲ್ಲ, ಟಿಕೀಟೂ ಇಲ್ಲ.

ಆದರೆ ಪ್ರಾಣಿಗಳಿಗೆ ಫಲಕ ಓದಲು ಎಲ್ಲಿ ಬರುತ್ತದೆ? ಮಳೆ ಹಿಡಿದಾಗ ನಿಪ್ಪಾಣಿಯ ಹತ್ತಿರ ತವಂದಿ ಘಟ್ಟಕ್ಕೆ ಹೋಗಿ ನೋಡಿರಿ. ಸ್ತವನಿಧಿಯ ಬಸದಿಯ ಸುತ್ತಲಿನ ಗುಡ್ಡದಲ್ಲಿ ನವಿಲು ಕೂಗಿದರೆ ಕೆಳಗಿನ ಹೆದ್ದಾರಿಯ ಲಾರಿಗಳ ಸದ್ದೂ ಒಂದು ಗಳಿಗೆ ಮರೆತುಹೋಗುತ್ತದೆ. ಯಡೂರಿನಲ್ಲಿ ವೀರಭದ್ರನ ದರ್ಶನ ಮುಗಿಸಿ ಕೃಷ್ಣೆಯ ದಂಡೆಗುಂಟ ನಡೆದರೆ ಮಿಂಚುಳ್ಳಿ, ನೀರುಕಾಗೆಗಳು ಜತೆಗೂಡುತ್ತವೆ. ರಾಯಬಾಗದ ಹೊಲಗಳಲ್ಲಿ ಕಬ್ಬು ಕಡಿಯುವ ಹೊತ್ತಿಗೆ ಮುಂಗುಸಿ ಓಡುವುದನ್ನೂ, ರಂಟೆಯ ಹಿಂದೆ ಬೆಳ್ಳಕ್ಕಿಗಳು ಬೀಗರಂತೆ ಸಾಲಾಗಿ ಬರುವುದನ್ನೂ ಕಂಡಿದ್ದೇನೆ. ಕಾಗವಾಡ ತಾಲೂಕಿನ ಜುಗೂಳದಲ್ಲಿ ನಿಂತರೆ ಹೊಳೆಯಾಚೆ ಖಿದ್ರಾಪುರ. ಒಂದು ಬೇಸಿಗೆಯಲ್ಲಿ ಅಲ್ಲಿ ನೀರಿಳಿದ ಮಳಲಿನ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರಿಗಿಳಿದು ಮಹಾರಾಷ್ಟ್ರಕ್ಕೆ ಹೋಯಿತು. ಗಡಿಯ ತಕರಾರು ಅದಕ್ಕೆ ಇನ್ನೂ ತಿಳಿದಂತಿಲ್ಲ.

ಇವೆಲ್ಲಕ್ಕಿಂತ ನನಗೆ ಪ್ರೀತಿಯದು ಅಥಣಿ ತಾಲೂಕಿನ ಒಂದು ಮಡ್ಡಿ. ಹೊಳೆಯಿಂದ ದೂರ; ಕಲ್ಲು, ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಬಾರಿಗಿಡ. ಕಾಗದಪತ್ರಗಳಲ್ಲಿ ಇಂಥ ನೆಲಕ್ಕೆ ಬಂಜರು ಎಂದು ಹೆಸರು. ಆ ಮಡ್ಡಿ ಯಾವುದೆಂದು ಮಾತ್ರ ಬರೆಯಲಾರೆ. ಏಕೆಂಬುದು ಮುಂದೆ ತಿಳಿದೀತು.

2014ರ ಚಳಿಗಾಲ. ಹೊತ್ತು ಮೂಡುವ ಮುನ್ನ ಆ ಮಡ್ಡಿಯ ಮೇಲೆ ಹೋಗುತ್ತಿದ್ದೆ. ಐವತ್ತು ಹೆಜ್ಜೆ ಮುಂದೆ ನಾಯಿಯಂಥದೊಂದು ನಿಂತಿತ್ತು. ಆದರೆ ನಾಯಿ ಮನುಷ್ಯನನ್ನು ಕಂಡರೆ ಬೊಗಳುತ್ತದೆ, ಇಲ್ಲವೆ ಬಾಲ ಅಲ್ಲಾಡಿಸುತ್ತದೆ. ಇದು ಎರಡನ್ನೂ ಮಾಡಲಿಲ್ಲ, ಸುಮ್ಮನೆ ನೋಡಿತು. ಒಣಹುಲ್ಲಿನ ಬಣ್ಣದ ಮೈ, ಉದ್ದ ಕಾಲು. ತೋಳ! ನಾನು ಉಸಿರು ಬಿಡುವಷ್ಟರಲ್ಲಿ ಅದು ಹುಲ್ಲಿನಲ್ಲಿ ಹುಲ್ಲಾಗಿಹೋಯಿತು. ಮೂರು ದಿನ ಅದೇ ಹೊತ್ತಿಗೆ ಹೋಗಿ, ಬಂಡೆಯ ಮರೆಯಲ್ಲಿ ಕುಳಿತೆ. ನಾಲ್ಕನೆಯ ದಿನ ಹಳ್ಳದ ದಂಡೆಯ ಒಂದು ಬಿಲದ ಬಾಯಲ್ಲಿ ಮೂರು ಮರಿಗಳು ಕಂಡವು. ತಾಯಿ ಬಂದೊಡನೆ ಅವು ಅದರ ಬಾಯಿ ನೆಕ್ಕಿದವು. ತಾಯಿ ತಿಂದು ತಂದುದನ್ನು ಅವುಗಳ ಮುಂದೆ ಕಾರಿತು. ನನ್ನ ಕಣ್ಣಲ್ಲಿ ನೀರು ಬಂತೆಂದರೆ ನೀವು ನಕ್ಕೀರಿ. ಬಂದದ್ದು ನಿಜ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ವರ್ಷಗಟ್ಟಲೆ ನಗಿಸಿಕೊಂಡವನಿಗೆ ಒಂದು ಸಲವಾದರೂ ಗೆಲ್ಲಬೇಕೆಂಬ ಆಸೆ ಇರುವುದಿಲ್ಲವೇ? ಸಂಜೆ ಚಹಾದ ಅಂಗಡಿಯಲ್ಲಿ ಕುಳಿತು, ಕಬ್ಬು ಬಿಟ್ಟರೆ ಏನೂ ಇಲ್ಲ ಎಂದವರ ಮುಂದೆ ಎಲ್ಲವನ್ನೂ ಹೇಳಿದೆ. ಹಳ್ಳ ಯಾವುದು, ದಂಡೆ ಯಾವುದು, ಬಿಲದ ಮೇಲಿನ ಗಿಡ ಯಾವುದು, ಒಂದನ್ನೂ ಬಿಡಲಿಲ್ಲ. ಆ ದಿನ ಯಾರೂ ನಗಲಿಲ್ಲ. ನನಗೆ ಬಹಳ ಹಿಗ್ಗಾಯಿತು.

ಎಂಟು ದಿನಗಳ ಮೇಲೆ ಹೋದೆ. ಬಿಲದ ಬಾಯಿಗೆ ಕಲ್ಲು ಒಟ್ಟಿದ್ದರು. ಕಲ್ಲುಗಳು ಮಸಿಯಾಗಿದ್ದವು, ಸುಟ್ಟ ಮೆಣಸಿನಕಾಯಿಯ ಘಾಟು ಇನ್ನೂ ಇತ್ತು. ಕೈ ನಡುಗುತ್ತ ಕಲ್ಲು ತೆಗೆದೆ. ಒಳಗೆ ಏನಿತ್ತೆಂಬುದನ್ನು ಬರೆಯುವುದು ಬೇಡ.

1972ರ ವನ್ಯಜೀವಿ ಕಾಯಿದೆ ಹುಲಿಯಂತೆ ತೋಳವನ್ನೂ ಮೊದಲನೆಯ ಪಟ್ಟಿಯಲ್ಲಿ ಇರಿಸಿದೆ. ಆದರೆ ಯಾರ ಮೇಲೆ ದೂರು ಕೊಡಲಿ? ದಾರಿ ತೋರಿಸಿದವನು ನಾನೇ.

ಮಡ್ಡಿಯಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬನಿದ್ದ. ಹಿಂದಿನ ವರ್ಷ ಅವನ ಹಟ್ಟಿಯಿಂದ ತೋಳ ಎರಡು ಮರಿ ಒಯ್ದದ್ದು ನನಗೆ ಗೊತ್ತಿತ್ತು. ಸಿಟ್ಟಿನಲ್ಲಿ ಅವನ ಮುಂದೆ ಹೋಗಿ ನಿಂತೆ.

“ಅಜ್ಜಾ, ಇದು ನಿನ್ನ ಕೆಲಸ ಏನು?”

ಅವನು ಕಂಬಳಿಯ ಕೊಪ್ಪೆ ಸರಿಸಿ ನನ್ನನ್ನು ನೋಡಿದ.

“ಅಲ್ರೀ ಮಾಸ್ತರ. ಆ ಗವಿ ನನಗ ಮೂರು ವರ್ಷದಿಂದ ಗೊತ್ತಿತ್ತು. ನಾ ಯಾರ ಮುಂದೂ ಹೇಳಿರಲಿಲ್ಲ.”

“ನಿನ್ನ ಕುರಿ ಒಯ್ದಿತ್ತಲ್ಲ?”

“ಒಯ್ದಿತ್ರಿ. ಹಿಂಡು ಇದ್ದಲ್ಲಿ ತೋಳ ಇರತೈತಿ. ನಾ ನಾಯಿ ಇಟ್ಟೇನಿ, ರಾತ್ರಿ ಎಚ್ಚರ ಇರತೇನಿ. ಅದು ನನ್ನ ಕೆಲಸ. ಕದಿಯೂದು ಅದರ ಕೆಲಸ. ಮಡ್ಡಿ ನನ್ನೊಬ್ಬನ ಹೆಸರಿಗೆ ಇಲ್ಲಲ್ರೀ.”

ಮತ್ತೆ ಅವನು ಮಾತಾಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ತೋಳವನ್ನು ಪ್ರೀತಿಸಿದವನು ನಾನು. ತೋಳದಿಂದ ನಷ್ಟ ಉಂಡವನು ಅವನು. ಅದನ್ನು ಕಾಯ್ದವನು ಅವನು, ಕಳೆದವನು ನಾನು.

ಈಚೆಗೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಎಕರೆ ನೆಲವನ್ನು ತೋಳಗಳಿಗಾಗಿಯೇ ವನ್ಯಧಾಮ ಮಾಡಿದ ಸುದ್ದಿ ಓದಿ ಸಂತೋಷಪಟ್ಟೆ. ನಮ್ಮ ಮಡ್ಡಿಗೆ ಆ ಭಾಗ್ಯವಿಲ್ಲ. ಅದಕ್ಕಿರುವ ಬೇಲಿಯೆಂದರೆ ಗೊತ್ತಿದ್ದವರ ಬಾಯಿ.

ಆ ಮಡ್ಡಿಗೆ ಈಗಲೂ ಹೋಗುತ್ತೇನೆ. 2018ರ ಮಾಗಿಯಲ್ಲೊಮ್ಮೆ ಅಜ್ಜನೂ ನಾನೂ ನೀರಿನ ಗುಂಡಿಯ ಬಳಿ ನಿಂತಿದ್ದೆವು. ಕೆಸರಿನಲ್ಲಿ ಹೆಜ್ಜೆಗಳಿದ್ದವು, ನಾಯಿಯದಕ್ಕಿಂತ ಉದ್ದ, ಒಂದರ ಮುಂದೊಂದು, ನೂಲು ಹಿಡಿದಂತೆ ನೇರ. ನಾನು ಅಜ್ಜನನ್ನು ನೋಡಿದೆ, ಅಜ್ಜ ನನ್ನನ್ನು ನೋಡಿದ. ಅವನು “ಹಾಹೂ” ಎಂದು ಹಿಂಡನ್ನು ಆ ಕೆಸರಿನ ಮೇಲೆಯೇ ಹೊಡೆದುಕೊಂಡು ಹೋದ. ಇನ್ನೂರು ಕುರಿಗಳು ತುಳಿದ ಮೇಲೆ ಅಲ್ಲಿ ಏನೂ ಉಳಿಯಲಿಲ್ಲ.

ಸಂಜೆ ಚಹಾದ ಅಂಗಡಿಯಲ್ಲಿ ಎಂದಿನಂತೆ ಕೇಳಿದರು: “ಏನ್ ಕಂಡ್ರಿ ಮಾಸ್ತರ ಇವತ್ತ?”

“ಕುರಿ” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.