ಯಂತ್ರವೂ ಹೆಣ್ಣುಮಗುವೂ

ಯಂತ್ರಗಳು ಹೆಚ್ಚಿದಂತೆಲ್ಲ ಸಮಾಜವೂ ತಾನಾಗಿಯೇ ಮೇಲೇರುವುದೆಂದು ನಮ್ಮಲ್ಲಿ ಅನೇಕರು ನಂಬಿರುವರು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಭಾಷಣಮಾಡುವ ಮಹನೀಯರ ಬಾಯಿಂದ ಈ ಮಾತನ್ನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ಹೆಣ್ಣುಮಕ್ಕಳ ಹಾಜರಿ ಪುಸ್ತಕವನ್ನು ದಿನವೂ ಕೈಯಲ್ಲಿ ಹಿಡಿಯುವ ನನಗೆ ಇದರಲ್ಲಿ ಸಂದೇಹವುಂಟು. ಅದರ ಕಾರಣವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಅರಿಕೆಮಾಡಿಕೊಳ್ಳಬೇಕೆಂದಿರುವೆನು.

ಮಂಡ್ಯದ ಸೀಮೆಯನ್ನು ನೋಡಿರಿ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪವಾಯಿತು. ಕನ್ನಂಬಾಡಿ ಕಟ್ಟೆಯ ನೀರು ಒಣನೆಲವನ್ನು ಕಬ್ಬಿನ ಗದ್ದೆಯನ್ನಾಗಿ ಮಾಡಿತು. ಇವೆಲ್ಲ ಉಪಕಾರಗಳೇ, ಅಲ್ಲವೆನ್ನುವವರು ಕೃತಘ್ನರು. ಆದರೆ ಅದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವನ್ನಿಟ್ಟುಕೊಂಡು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು 2023ರಲ್ಲಿ ಪೊಲೀಸರು ಬಯಲಿಗೆಳೆದರು. ಸೀಮೆಗೆ ನೀರು ಬಂದಿತ್ತು, ವಿದ್ಯುತ್ತು ಬಂದಿತ್ತು, ಹಣವೂ ಬಂದಿತ್ತು. ಹೆಣ್ಣುಮಗು ಬೇಡವೆಂಬ ಮನಸ್ಸು ಹೋಗಿರಲಿಲ್ಲ. ಆ ಮನಸ್ಸಿಗೆ ವಿದ್ಯುತ್ತೂ ಕೈಯಾಳಾಯಿತು.

ಯಂತ್ರದ ತಪ್ಪೇನು? ಲೋಹದೊಳಗಿನ ಬಿರುಕನ್ನು ಹುಡುಕುತ್ತಿದ್ದ ಉಪಕರಣವನ್ನು ಕಂಡು, ಗ್ಲಾಸ್ಗೋ ನಗರದ ವೈದ್ಯರಾದ ಇಯಾನ್ ಡೊನಾಲ್ಡರೂ ಅವರ ಸಂಗಡಿಗರೂ ಶಬ್ದತರಂಗಗಳಿಂದ ಗರ್ಭಕೋಶದ ಒಳಗನ್ನು ಕಾಣುವ ವಿಧಾನವನ್ನು 1958ರಲ್ಲಿ ಪ್ರಕಟಿಸಿದರು. ಮಗು ಅಡ್ಡವಾಗಿದೆಯೆಂದು, ಅವಳಿಯೆಂದು, ಮಾಸು ಕೆಳಗಿದೆಯೆಂದು ಮುಂಚಿತವಾಗಿ ತಿಳಿಸಿ ಎಷ್ಟೋ ತಾಯಂದಿರ ಪ್ರಾಣವನ್ನುಳಿಸಿದ ಯಂತ್ರವಿದು. ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರುಷ ನನ್ನನ್ನು ಕಾಣಲು ಬಂದಾಗ ಹೇಳಿದಳು: "ಟೀಚರಮ್ಮಾ, ಕೋಣೆಯ ಹೊರಗೆ ಕುಳಿತ ಅತ್ತೆಯಂದಿರು ಮಗು ಕ್ಷೇಮವೇ ಎಂದು ಕೇಳುವುದಿಲ್ಲ. ನಮ್ಮ ಮುಖವನ್ನೇ ನೋಡುತ್ತಾರೆ. ಅದಕ್ಕೆ ಬಾಗಿಲು ದಾಟುವಾಗ ನಗುವುದನ್ನೇ ಬಿಟ್ಟಿದ್ದೇನೆ."

ಭ್ರೂಣದ ಲಿಂಗವನ್ನು ತಿಳಿಸುವುದು 1994ರ ಕಾನೂನಿನಂತೆ ಅಪರಾಧ. ಆದರೂ ನಮ್ಮ ದೇಶದಲ್ಲಿ ಆರು ವರುಷದವರೆಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರೆ, 2001ರಲ್ಲಿ 927, 2011ರಲ್ಲಿ 918 ಮಂದಿ ಮಾತ್ರ ಜನಗಣತಿಗೆ ಸಿಕ್ಕರು. ಟ್ರಾಕ್ಟರುಗಳಿಗೂ ಕೊಳವೆಬಾವಿಗಳಿಗೂ ಹೆಸರಾದ ಪಂಜಾಬಿನಲ್ಲಿ 2001ರ ಸಂಖ್ಯೆ 798. ಬಡತನವೇ ಇದಕ್ಕೆಲ್ಲ ಮೂಲವೆನ್ನುವವರು ಈ ಅಂಕಿಗೆ ಏನು ಹೇಳುವರೋ ನಾನರಿಯೆ. ಪರೀಕ್ಷೆಗೆ ಹಣ ತೆರಬಲ್ಲವರೂ, ನಾಲ್ಕಕ್ಷರ ಕಲಿತವರೂ ಇದರಲ್ಲಿ ಸೇರಿರುವರೆಂಬುದು ಶಾಲೆ ನಡಸುವ ನಮಗೆ ತಲೆತಗ್ಗಿಸುವ ಸಂಗತಿ.

ಒಂದು ಬೈಸಿಕಲ್ಲು ಇಷ್ಟು ಕೇಡನ್ನೂ ಮಾಡದು, ಇಷ್ಟು ಕೊಂಡಾಟವನ್ನೂ ಪಡೆಯದು. ನಮ್ಮ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡಲು ತೊಡಗಿದ ಮೇಲೆ, ಹಳ್ಳಿಯ ಹುಡುಗಿಯರು ಹಿಂಡುಹಿಂಡಾಗಿ ಗಂಟೆ ಬಾರಿಸುತ್ತ ಪ್ರೌಢಶಾಲೆಗೆ ಹೋಗುವುದನ್ನು ಕಂಡು ಸಂತೋಷಪಟ್ಟಿರುವೆನು. ಅಲ್ಲಿಯೂ ಚಕ್ರ ಉರುಳುವ ಮೊದಲು ಮನೆಯವರು ಹೂಂ ಎನ್ನಬೇಕಾಗಿತ್ತು, ದಾರಿಯ ಕೊನೆಗೆ ಶಾಲೆಯೊಂದಿರಬೇಕಾಗಿತ್ತು.

ಈ ವರುಷ ಪ್ರವೇಶದ ದಿನ ತಂದೆಯೊಬ್ಬರು ತಮ್ಮ ಮೂರನೆಯ ಮಗಳನ್ನು ಸೇರಿಸಲು ಬಂದಿದ್ದರು. ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬರು ಕೈಯಲ್ಲಿದ್ದ ಬೆಲೆಬಾಳುವ ಮೊಬೈಲಿನಿಂದ ಕಣ್ಣೆತ್ತಿ, "ಮೂರೂ ಹೆಣ್ಣೇ ಏನ್ರೀ?" ಎಂದು ಮರುಕಪಟ್ಟರು. "ಹೌದು ಸ್ವಾಮಿ, ಮೂರೂ ಇಲ್ಲಿಯೇ ಓದುತ್ತವೆ" ಎಂದು ಹೇಳಿ ಆ ತಂದೆಯು ಶುಲ್ಕದ ಹಣವನ್ನು ಎಣಿಸತೊಡಗಿದರು.